ಹೊಟ್ಟೆ ಒಳಗೆಳೆದುಕೊಂಡ ನಲವತ್ತು ದೋಣಿಗಳು

ಒಂದಾನೊಂದು ಊರಿನಲ್ಲಿ, ಊರು ಎಂದರೆ ಮುಕ್ಕಾಲು ಪಾಲು ಕೆರೆ, ಉಳಿದ ಕಾಲು ಪಾಲಿನಲ್ಲಿ ಜನ, ಸರಿಸಮರಾಯ ಎಂಬ ದೊರೆ ಇದ್ದ. ಅವನಿಗೆ ಯಾವುದೂ ಹೆಚ್ಚುಕಮ್ಮಿ ಇರಬಾರದು. ಒಮ್ಮೆ ಎಡಮೀಸೆ ಒಂದೆಳೆ ಉದ್ದ ಕಂಡಿತು, ಕತ್ತರಿಸಿದ. ಆಗ ಬಲಮೀಸೆ ಉದ್ದವಾಯಿತು, ಅದನ್ನೂ ಕತ್ತರಿಸಿದ. ಕತ್ತರಿಸುತ್ತ ಕತ್ತರಿಸುತ್ತ ಎರಡೂ ಸಮ ಆಗುವ ಹೊತ್ತಿಗೆ ಮೀಸೆಯೇ ಇರಲಿಲ್ಲ. "ಈಗ ಸರಿಯಾಯಿತು" ಎಂದು ಊಟಕ್ಕೆ ಕೂತ.

ಆ ಕೆರೆಯಲ್ಲಿ ವರ್ಷಕ್ಕೊಮ್ಮೆ ಹಾಯಿದೋಣಿಗಳ ಪಂದ್ಯ. ದೋಣಿ ನಲವತ್ತು. ಪ್ರತಿಯೊಂದೂ ಹನ್ನೆರಡು ಮೊಳ ಉದ್ದ, ಹೊಟ್ಟೆಯ ಸುತ್ತ ಎಂಟು ಮೊಳ ಇರಬೇಕು. ಎಲ್ಲ ದೋಣಿ ಅಳೆದು ಮುಗಿಯದೆ ಪಂದ್ಯ ಶುರುವಾಗುವಂತಿಲ್ಲ.

ಅಳೆಯುವವನು ಗೇಣಪ್ಪ, ಒಬ್ಬನೇ. ಏಳನೇ ದೋಣಿಗೆ ಅವನ ಕೈ ಸೋಲುತ್ತಿತ್ತು. ಸೋತ ಕೈಯ ಮೊಳ ಬೇರೆ, ಸೋಲದ ಕೈಯ ಮೊಳ ಬೇರೆ. ಹಾಗಾಗಿ ಮತ್ತೆ ಒಂದನೇ ದೋಣಿಯಿಂದ. ಅಷ್ಟರಲ್ಲಿ ನಡುಮಧ್ಯಾಹ್ನ. ಗಾಳಿ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, "ನಾನು ಬರ್ತೀನಪ್ಪ. ಪಕ್ಕದೂರಲ್ಲಿ ರಾಶಿ ತೂರಬೇಕು, ಮಾತು ಕೊಟ್ಟಿದ್ದೀನಿ" ಅನ್ನುತ್ತಿತ್ತು. ಗಾಳಿ ಹೋದ ಮೇಲೆ ಹಾಯಿದೋಣಿ ಏನು ಮಾಡೀತು? ಜನ ಬುತ್ತಿ ಉಂಡು ಮನೆಗೆ ಹೋಗುತ್ತಿದ್ದರು. ಹೀಗೇ ಆರು ವರ್ಷ.

ಏಳನೇ ವರ್ಷ ದೊರೆ ಡಂಗುರ ಹೊಡೆಸಿದ. ಈ ಸಲವೂ ಪಂದ್ಯ ಶುರುವಾಗದಿದ್ದರೆ ನಲವತ್ತು ದೋಣಿಗಳನ್ನೂ ಗರಗಸದಲ್ಲಿ ಕುಯ್ದು, ಅರಮನೆಯ ಎಮ್ಮೆಗಳಿಗೆ ಕಲಗಚ್ಚಿನ ಬಾನಿ ಮಾಡಿಸುವುದು.

ಇದನ್ನು ಕೇಳಿ ದೋಣಿಯಲ್ಲಿ ಜನರನ್ನು ದಾಟಿಸುವ ಕೆಂಚವ್ವನಿಗೆ ಕೈಯಲ್ಲಿದ್ದ ರೊಟ್ಟಿ ಬಾಯಿಗೆ ಹೋಗಲಿಲ್ಲ. ಅವಳ ದೋಣಿಯ ಹೆಸರು ಗುಂಡಿ. ಅದನ್ನು ಅವಳೇ ಕಟ್ಟಿದ್ದು. ಯಾರೂ ಕಲಿಸಿರಲಿಲ್ಲ. ಮೂರು ಸಲ ಮುಳುಗಿತ್ತು, ನಾಲ್ಕನೇ ಸಲ ತೇಲಿತ್ತು. ಅವಳು ನೆಟ್ಟಗೆ ಅರಮನೆಗೆ ಹೋದಳು.

"ದೊರೆ, ಈ ಸಲ ಅಳತೆ ನನಗೆ ಬಿಡಿ. ಗಾಳಿ ಎದ್ದು ಹೋಗೋದರೊಳಗೆ ಮುಗಿಸ್ತೀನಿ."

"ಮುಗಿಯದಿದ್ದರೆ ಏನವ್ವಾ?"

"ಮೊದಲು ನನ್ನ ಗುಂಡೀನೇ ಕುಯ್ಯಿರಿ. ಗರಗಸದ ಇನ್ನೊಂದು ತುದಿ ನಾನೇ ಹಿಡೀತೀನಿ."

ಪಂದ್ಯದ ದಿನ ಕೆಂಚವ್ವ ನಲವತ್ತು ದೋಣಿಗಳನ್ನು ಕೆರೆಯ ಸುತ್ತ ಬಳೆಯ ಹಾಗೆ ನಿಲ್ಲಿಸಿದಳು. ಒಂದರ ಬಾಲಕ್ಕೆ ಇನ್ನೊಂದರ ಮೂಗು. ದೋಣಿಯವರೆಲ್ಲರ ಕೈಗೂ ಒಂದೇ ಅಳತೆಯ ಹಗ್ಗ ಕೊಟ್ಟಳು.

"ನಿಮ್ಮ ನಿಮ್ಮ ಮುಂದಿನ ದೋಣಿ ನೀವೇ ಅಳೀರಿ. ಗೆಲ್ಲೋ ಆಸೆ ಇರೋನು ಮುಂದಿನವನಿಗೆ ಒಂದು ಬೆರಳೂ ಬಿಡೋದಿಲ್ಲ."

"ಹಾಗಾದ್ರೆ ನಾನೇನು ಮಾಡಲಿ?" ಎಂದ ಗೇಣಪ್ಪ.

"ನೆರಳಲ್ಲಿ ಕೂತು ನಲವತ್ತು ಸಲ ಹೂಂ ಅನ್ನು."

ಗೇಣಪ್ಪನಿಗೆ ಇಷ್ಟು ಹಿತವಾದ ಕೆಲಸ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಹತ್ತು ಹೂಂ ಆಗುವ ಹೊತ್ತಿಗೆ ಒಬ್ಬ ಕೂಗಿದ, "ಈ ದೋಣಿ ಹೊಟ್ಟೆ ಒಳಗೆಳ್ಕೊಂಡಿದೆ ಕಣ್ರೋ." ನೋಡಿದರೆ ನಲವತ್ತೂ ಒಳಗೆಳೆದುಕೊಂಡಿದ್ದವು.

"ಸೊಂಟಕ್ಕೆ ಹಗ್ಗ ಬಂದರೆ ನೀವು ಎಳ್ಕೊಳ್ಳೋದಿಲ್ವಾ?" ಎಂದಿತು ಒಂದು ದೋಣಿ. ಎಲ್ಲರೂ ದೊರೆಯ ಕಡೆ ತಿರುಗಿದರು.

ದೊರೆ ತೀರ್ಪು ಕೊಟ್ಟ. "ಒಂದು ದೋಣಿ ಉಸಿರು ಹಿಡಿದರೆ ಎಲ್ಲವೂ ಹಿಡಿಯಬೇಕು. ಕೊನೆಯ ದೋಣಿ ಮುಗಿಯುವ ತನಕ ಯಾವುದೂ ಬಿಡಕೂಡದು."

ಸರಿ, ಮತ್ತೆ ಹೂಂ, ಹೂಂ, ಹೂಂ. ಹಲಗೆಗಳು ಕೆಂಪಾದವು. ಹಾಯಿಕಂಬಗಳು ನಡುಗಿದವು. ಮೂವತ್ತೊಂಬತ್ತು ಹೂಂ ಆಯಿತು. ಉಳಿದದ್ದು ಗುಂಡಿ. ಹಗ್ಗ ಸುತ್ತುವಾಗ ಗುಂಡಿ, "ಅವ್ವಾ, ಆಗಲ್ಲ" ಎಂದಿತು. ಮಾತಾಡಿದ ಕೂಡಲೇ ಅಷ್ಟು ಉಸಿರು ಸೋರಿ ಹೊಟ್ಟೆ ಒಂದು ಬೆರಳು ಮುಂದೆ ಬಂತು.

"ಒಂದು ಬೆರಳು ತಾನೇ," ಎಂದ ಗೇಣಪ್ಪ. "ನಿಂದಲ್ವಾ, ಹೂಂ ಅಂದ್ಬಿಡ್ತೀನಿ."

"ನಂದು ಅಂತಲೇ ಅನ್ನಬಾರದು. ಗುಂಡೀ, ಎಳ್ಕೊ. ಮತ್ತೆ ಅಳೀರಿ."

ಗುಂಡಿ ಎಳೆದುಕೊಂಡಿತು. ಸಾಲಲಿಲ್ಲ. ಇನ್ನೂ ಎಳೆದುಕೊಂಡಿತು. ಎಂಟು ಮೊಳ ಸರಿಯಾಗಿ ಬಂತು. ಗೇಣಪ್ಪ "ಹೂಂ" ಎನ್ನುವುದಕ್ಕೂ ಗಾಳಿ ಕೆರೆಯ ಏರಿ ಇಳಿದು ಹೋಗುವುದಕ್ಕೂ ಸರಿಹೋಯಿತು.

ಅಳತೆ ಮುಗಿದಿತ್ತು, ಆದರೆ ಉಸಿರು ಬಿಡಿ ಎಂದು ದೋಣಿಗಳಿಗೆ ಯಾರೂ ಹೇಳಿರಲಿಲ್ಲ. ಗಾಳಿ ಇರಲಿಲ್ಲ. ಹಾಯಿಗಳು ಒದ್ದೆ ಸೀರೆಯ ಹಾಗೆ ಜೋತುಬಿದ್ದವು.

"ಗರಗಸ ತನ್ನಿ," ಎಂದ ದೊರೆ.

ಕೆಂಚವ್ವ ಗುಂಡಿಯ ಪಕ್ಕಕ್ಕೆ ಹೋದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗರಗಸದ ಒಂದು ತುದಿ ಹಿಡಿದಳು. ಇನ್ನೊಂದು ತುದಿ ಹಿಡಿಯಲು ಯಾರೂ ಬರದಿದ್ದಾಗ ಗೇಣಪ್ಪ ಬಂದ, ಕಣ್ಣು ಒರೆಸಿಕೊಳ್ಳುತ್ತ. ಗರಗಸದ ಹಲ್ಲು ಗುಂಡಿಯ ಪಕ್ಕೆಗೆ ತಾಗಿತು.

ಗುಂಡಿಗೆ ಕಚಗುಳಿಯಾಯಿತು. ತಡೆದುಕೊಂಡಿತು, ತಡೆದುಕೊಂಡಿತು, ಕೊನೆಗೆ ಪಕ್ಕನೆ ನಕ್ಕಿತು. ಹಿಡಿದಿದ್ದ ಉಸಿರೆಲ್ಲ ಮೂಗಿನಿಂದ ಹೊರಟು ಮುಂದಿನ ದೋಣಿಯ ಹಾಯಿಗೆ ಬಡಿಯಿತು. ಆ ದೋಣಿ ಬೆಚ್ಚಿ ತನ್ನ ಉಸಿರು ಬಿಟ್ಟಿತು, ಅದರ ಮುಂದಿನದಕ್ಕೆ. ಅದು ಅದರ ಮುಂದಿನದಕ್ಕೆ. ಸುತ್ತು ಬಂದು ನಲವತ್ತನೆಯದರ ಉಸಿರು ಗುಂಡಿಯ ಹಾಯಿಗೇ ಬಂತು. ಎಲ್ಲ ಹಾಯಿಗಳೂ ಒಟ್ಟಿಗೆ ಉಬ್ಬಿದವು. ಕೆಂಚವ್ವ ಗರಗಸ ಬಿಸಾಕಿ ದೋಣಿಗೆ ಹಾರಿದಳು.

ದೋಣಿಗಳು ಕೆರೆ ಸುತ್ತಿದವು. ಮತ್ತೆ ಸುತ್ತಿದವು. ದೊರೆ ದಡದಲ್ಲಿ ಓಡಿ ಓಡಿ ಕೇಳಿದ, "ಮುಂದೆ ಯಾರು?"

"ಹಿಂದೆ ಯಾರು ಅಂತ ತೋರಿಸಿ ದೊರೆ, ಹೇಳ್ತೀನಿ," ಎಂದಳು ಕೆಂಚವ್ವ.

ದೊರೆ ನೋಡಿದ. ಯಾರ ಮುಂದೆಯೂ ಒಂದು, ಯಾರ ಹಿಂದೆಯೂ ಒಂದು. ಇಷ್ಟು ಸರಿಸಮವಾದದ್ದನ್ನು ಅವನು ಜನ್ಮದಲ್ಲೇ ಕಂಡಿರಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಆನಂದದಿಂದ ಅತ್ತ, ಎರಡೂ ಕಣ್ಣಿನಲ್ಲಿ ಸಮವಾಗಿ.

ಪಂದ್ಯ ಶುರುವಾಗಬೇಕು ಎಂದಿದ್ದನೇ ಹೊರತು ಮುಗಿಯಬೇಕು ಎಂದು ದೊರೆ ಹೇಳಿರಲಿಲ್ಲ. ಹಾಗಾಗಿ ಇನ್ನೂ ನಡೆಯುತ್ತಿದೆ. ಆಚೆ ದಡಕ್ಕೆ ಹೋಗುವವರು ಬಂದ ದೋಣಿ ಹತ್ತುತ್ತಾರೆ, ತಮ್ಮ ಮನೆ ಬಂದಾಗ ಇಳಿಯುತ್ತಾರೆ. ಎಮ್ಮೆಗಳು ಕೆರೆಗೇ ಬಂದು ನೀರು ಕುಡಿಯುತ್ತವೆ.

ಇದರ ನೀತಿ ಇಷ್ಟೆ: ಅಳೆಯಲು ಹೋದವರು ಬೇಗ ಅಳೆದು ಮುಗಿಸಿ. ಪಾಪ, ಎದುರಿಗಿರುವುದು ಉಸಿರು ಹಿಡಿದು ನಿಂತಿರುತ್ತದೆ.

ಹೇಳಿದವಳ ಬಾಯಿ ಒಣಗಿತು, ಕೇಳಿದವರ ಕಾಲು ಜೋಮು ಹಿಡಿಯಿತು, ಕತೆ ಮಾತ್ರ ಒದ್ದೆ ಮೈಯಲ್ಲಿ ದಡ ಹತ್ತಿ ಹೋಯಿತು.