ಮಾವನ ಮದುವೆಗೆ ಕೊಟ್ರೇಶಿಯ ಓಡಾಟ

ಒಂದೂರು. ಹೆಸರು ಹೇಳಿದರೆ ಊರವರು ಜಗಳಕ್ಕೆ ಬರುತ್ತಾರೆ, ಬೇಡ. ಆ ಊರಲ್ಲಿ ಹಾಲಮ್ಮ ಅಂತ ಒಬ್ಬಳು, ಅವಳಿಗೆ ಕೊಟ್ರೇಶಿ ಅಂತ ಆರು ವರ್ಷದ ಮಗ. ಹೇಳಿದ ಮಾತು ಕೇಳುವ ಮಗ ಹುಟ್ಟಲಿ ಎಂದು ಹರಕೆ ಹೊತ್ತವಳು ಅವಳು. ದೇವರು ಒಂದಕ್ಷರ ಬಿಡದೆ ನಡೆಸಿಕೊಟ್ಟಿದ್ದ.

ಅದೇ ಮನೆಯಲ್ಲಿ ಹಾಲಮ್ಮನ ತಮ್ಮ ಚನ್ನವೀರ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ. ಮದುವೆಯ ವಯಸ್ಸು ಮೀರುತ್ತಿತ್ತು. ಹೆಣ್ಣಿನ ಕಡೆಯವರು ಬಂದು ಮನೆ ನೋಡುವರು, ಮಂಡಕ್ಕಿ ತಿನ್ನುವರು, ಹೋಗುವರು. ಹೆಣ್ಣು ಮಾತ್ರ ಬರುತ್ತಿರಲಿಲ್ಲ. ಅವತ್ತು ಮತ್ತೊಂದು ಮನೆಯವರು ಬರುವವರಿದ್ದರು. ಇದೂ ತಪ್ಪಿದರೆ ಇನ್ನು ಯಾರೂ ಬರುವುದಿಲ್ಲ ಎಂದು ಹಾಲಮ್ಮನಿಗೆ ದಿಗಿಲು.

"ಕೊಟ್ರ, ಒಲೆ ಮೇಲೆ ಹಾಲಿದೆ, ನೋಡ್ತಿರು" ಎಂದು ಅವಳು ಕಸ ಗುಡಿಸಲು ಹೋದಳು.

ಕೊಟ್ರೇಶಿ ನೋಡಿದ. ಹಾಲು ಏರಿತು, ನೋಡಿದ. ಉಕ್ಕಿ ಹರಿಯಿತು, ನೋಡಿದ. ಒಲೆ ಆರಿತು, ಅದನ್ನೂ ನೋಡಿದ.

"ಅಯ್ಯೋ! ಉಕ್ಕಿದ್ದು ಕಾಣಲಿಲ್ವೇನೋ?"

"ಚೆನ್ನಾಗಿ ಕಾಣ್ತವ್ವ."

"ಪೆದ್ದೆ! ಉಕ್ಕೋದು ಕಂಡ ಕೂಡಲೇ ನೀರು ಚಿಮುಕಿಸಬೇಕು ಕಣೋ!"

"ಹಂಗೇ ಮಾಡ್ತೀನಿ ಬಿಡವ್ವ."

ಅಷ್ಟರಲ್ಲಿ ಚನ್ನವೀರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಬೀಗರಾಗಬೇಕಾದವರಿಗೆ ಕೊಡಲು ಹಾಲಿಲ್ಲ ಎಂಬುದು ಅವನ ಕಿವಿಗೆ ಬಿತ್ತು.

"ಅಕ್ಕಾ, ಎಷ್ಟು ಸಿಟ್ಟು ಉಕ್ಕಿ ಬರ್ತಿದೆ ಗೊತ್ತಾ ನನಗೆ!"

ಕೊಟ್ರೇಶಿ ಚೆಂಬು ತಂದ. ಇಷ್ಟು ದೊಡ್ಡ ಮನುಷ್ಯ ಉಕ್ಕುವಾಗ ಎಷ್ಟು ನೀರು ಬೇಕೋ ಅವನಿಗೆ ತಿಳಿಯದು. ಪೂರ್ತಿ ಸುರಿದ.

"ಅಯ್ಯೋ ನನ್ನ ಕರ್ಮವೇ!" ಎಂದಳು ಹಾಲಮ್ಮ. "ದೊಡ್ಡೋರಿಗೆ ಸಿಟ್ಟು ಬಂದ್ರೆ ಕಾಲು ಹಿಡ್ಕೊಂಡು ತಪ್ಪಾಯ್ತು ಅನ್ನಬೇಕು! ಅವರು ನಗೋವರೆಗೂ ಬಿಡಬಾರ್ದು!"

"ಹಂಗೇ ಮಾಡ್ತೀನಿ ಬಿಡವ್ವ."

ಇದ್ದ ಒಳ್ಳೆ ಅಂಗಿ ಅದೊಂದೇ. ಚನ್ನವೀರ ಭಟ್ಟಿಯ ಮಸಿ ಅಂಗಿಯನ್ನೇ ಹಾಕಿಕೊಂಡು ಕೂತ.

ಹೆಣ್ಣಿನ ಅಪ್ಪ ಮರುಳಸಿದ್ದಪ್ಪ ತನ್ನ ತಾಯಿಯನ್ನು ಕರೆದುಕೊಂಡು ಬಂದ. ಬಹಳ ಮರ್ಯಾದಸ್ಥ, ಯಾರಿಗೂ ಮುಖಕ್ಕೆ ಹೊಡೆದಂತೆ 'ಇಲ್ಲ' ಎಂದವನಲ್ಲ. ಮಂಡಕ್ಕಿ ಬಂತು, ಜೊತೆಗೆ ಮೆಣಸಿನಕಾಯಿ ಬಜ್ಜಿ. ಮರುಳಸಿದ್ದಪ್ಪ ಬಜ್ಜಿ ಕಚ್ಚಿದ. ಖಾರ ನೆತ್ತಿಗೇರಿತು. ಕಣ್ಣು ಕೆಂಪಾಯಿತು, ಮುಖ ಕೆಂಪಾಯಿತು.

ಇದು ಸಿಟ್ಟೇ ಸರಿ ಎಂದು ಕೊಟ್ರೇಶಿ ಹೋಗಿ ಎರಡೂ ಕಾಲು ತಬ್ಬಿ ಹಿಡಿದ.

"ತಪ್ಪಾಯ್ತು!"

"ನೀರು! ನೀರು ಕೊಡ್ರಪ್ಪ!"

"ಮೊದಲು ನಗ್ರಿ."

"ಬಿಡೋ ಕಾಲು!"

"ನಗ್ರಿ ಅಂದ್ರೆ!"

ಮರುಳಸಿದ್ದಪ್ಪ ಹೇಗೋ ತುಟಿ ಹಿಗ್ಗಿಸಿದ. ಕೊಟ್ರೇಶಿ ಬಿಟ್ಟ. ನೀರು ಕುಡಿದವನೇ ಮರುಳಸಿದ್ದಪ್ಪ ಶಲ್ಯ ಕೊಡವಿ ಎದ್ದ.

"ಬರ್ತೀವಿ ತಂಗ್ಯವ್ವ. ವಿಷಯ ಹೇಳಿ ಕಳಿಸ್ತೀವಿ."

ಹಾಲಮ್ಮನ ಮುಖ ಸಣ್ಣದಾಯಿತು. ಸಂಬಂಧ ಬೇಡ ಎನ್ನುವುದಕ್ಕೆ ನಮ್ಮ ಜನ ಬಳಸುವ ಮಾತು ಅದು. ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಗೊತ್ತಿಲ್ಲದವನು ಕೊಟ್ರೇಶಿ ಒಬ್ಬನೇ.

ಅವರು ಹೊಸ್ತಿಲು ದಾಟಿದ ಮೇಲೆ ಹಾಲಮ್ಮ ಮಗನ ಕಿವಿ ಹಿಂಡಿದಳು. "ಬಂದೋರ ಕಾಲಿಗೆ ತೊಡರಿಕೊಳ್ತಾರೇನೋ! ಅವರು ಏನು ಹೇಳ್ತಾರೋ ಅದಕ್ಕೆ ಅನುಕೂಲ ಮಾಡಿಕೊಡಬೇಕು!"

"ಹಂಗೇ ಮಾಡ್ತೀನಿ ಬಿಡವ್ವ."

ಕೊಟ್ರೇಶಿ ಅವರ ಹಿಂದೆಯೇ ಬಸ್ ನಿಲ್ಲುವ ಕಟ್ಟೆಗೆ ಓಡಿದ.

"ಮತ್ತೇನೋ?" ಎಂದ ಮರುಳಸಿದ್ದಪ್ಪ, ಕಾಲು ಹಿಂದಕ್ಕೆಳೆದುಕೊಳ್ಳುತ್ತ.

"ಹೇಳಿ ಕಳಿಸ್ತೀವಿ ಅಂದ್ರಲ್ಲ. ಬಂದಿದೀನಿ. ಹೇಳಿ, ಕಳಿಸಿ."

"ಈಗಲ್ಲಪ್ಪ, ಊರಿಗೆ ಹೋಗಿ."

"ನಾನೂ ಬಸ್ಸು ಹತ್ತುತೀನಿ. ಅಲ್ಲೇ ಹೇಳಿ."

ಕಟ್ಟೆಯ ಮೇಲಿದ್ದವರು ಬೀಡಿ ಆರಿಸಿ ಕೇಳತೊಡಗಿದರು. ಮರುಳಸಿದ್ದಪ್ಪನಿಗೆ 'ಇಲ್ಲ' ಎಂದು ರೂಢಿಯಿಲ್ಲ, 'ಹೂಂ' ಎನ್ನಲು ಮನಸ್ಸಿಲ್ಲ.

ಅವನ ತಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು. "ಹೇಳೋ ಮತ್ತೆ. ಹುಡುಗನಿಗೆ ಏನಾಗಿದೆ?"

"ಹುಡುಗನಿಗೆ ಏನೂ ಇಲ್ಲವ್ವ. ಈ ಕೂಸನ್ನ ನೋಡ್ದೆಯಲ್ಲ!"

"ನಮ್ಮ ಹುಡುಗಿ ಕಟ್ಕೊಳ್ಳೋದು ಇವನ ಮಾವನ್ನ, ಇವನ್ನಲ್ಲ. ಹೆಣ್ಣಿನೋರು ಬರ್ತಾರೆ ಅಂತ ಇಸ್ತ್ರಿ ಅಂಗಿ ತೊಟ್ಟು ಕೂರೋರನ್ನ ಬೇಕಾದಷ್ಟು ನೋಡಿದೀನಿ. ಆ ಹುಡುಗ ಮಸಿ ಅಂಗೀಲೇ ಕೂತಿದ್ದ. ದುಡಿಯೋ ಜೀವ."

ಮುದುಕಿ ಕೊಟ್ರೇಶಿಯ ಗಲ್ಲ ಹಿಡಿದಳು. "ಮನೇಲಿ ಕೇಳಿದ್ರೆ ಹೂಂ ಅನ್ನಪ್ಪ. ಬರೀ ಹೂಂ. ಇನ್ನೊಂದು ಮಾತು ಸೇರಿಸಬೇಡ."

ದಾರಿಯುದ್ದಕ್ಕೂ ಹೂಂ ಹೂಂ ಎನ್ನುತ್ತಲೇ ಕೊಟ್ರೇಶಿ ಮನೆ ಸೇರಿದ.

"ಅವರ ಹಿಂದೆ ಹೋಗಿದ್ದೇನೋ?" ಎಂದಳು ಹಾಲಮ್ಮ.

"ಹೂಂ."

"ಬೇಡ ಅಂದ್ರಾ?"

"ಹೂಂ."

ಹಾಲಮ್ಮ ಕುಸಿದು ಕೂತು ಕಣ್ಣಿಗೆ ಸೆರಗು ಹಚ್ಚಿದಳು. ಚನ್ನವೀರ ಭಟ್ಟಿಯಿಂದ ಎದ್ದು ಬಂದ.

"ಸರಿಯಾಗಿ ಹೇಳೋ. ಒಪ್ಪಿದ್ರಾ?"

"ಹೂಂ."

ಹಾಲಮ್ಮ ಎದ್ದು ನಿಂತಳು. "ಒಪ್ಪಿದ್ರೋ, ಇಲ್ವೋ?"

"ಹೂಂ."

"ನಮ್ಮನ್ನ ಆಟ ಆಡಿಸ್ತಿದೀಯಾ?"

"ಹೂಂ."

ಅವಳು ಮತ್ತೆ ಕೂತಳು. ಕೆಟ್ಟದ್ದು ಕೇಳಿದರೆ ಕೂರುವುದು, ಒಳ್ಳೆಯದು ಕೇಳಿದರೆ ಏಳುವುದು. ಹೀಗೆ ಕೂತು ಎದ್ದು ಸೊಂಟ ಹಿಡಿದ ಮೇಲೆ ಹಾಲಮ್ಮನಿಗೆ ಬುದ್ಧಿ ಬಂತು. ಕೆಟ್ಟದ್ದನ್ನು ಕೇಳುವುದನ್ನೇ ಬಿಟ್ಟಳು.

"ಹುಡುಗಿಗೂ ಇಷ್ಟವಂತಾ?"

"ಹೂಂ."

"ಮದುವೆ ಬೇಗ ಆಗ್ಲಿ ಅಂದ್ರಾ?"

"ಹೂಂ."

ಚನ್ನವೀರನಿಗೆ ತಡೆಯಲಾಗಲಿಲ್ಲ. "ನಾಳೇನೇ ಆಗ್ಲಿ ಅಂದ್ರೇನೋ?"

"ಹೂಂ."

ಚನ್ನವೀರ ಚಪ್ಪಲಿಯನ್ನೂ ಮೆಟ್ಟದೆ ಚಪ್ಪರ ಹಾಕುವವನ ಮನೆಗೆ ಓಡಿದ.