ಆ ‘ಒಬ್ಬ ಸಹೋದರ’

ಒಂದು ಕೆರೆ. ಕೆರೆಯ ಏರಿಯ ಮೇಲೆ, ನೀರಿನ ಕಡೆಗೆ ಬಾಗಿದ ಒಂದು ಈಚಲು ಮರ. ಆ ಮರದ ತುಂಬ ಗೀಜಗನ ಗೂಡುಗಳು. ಗಾಳಿ ಬೀಸಿದರೆ ಸಾಕು, ಗೂಡುಗಳೆಲ್ಲ ಗಿರ್ರನೆ ತಿರುಗುತ್ತವೆ. ಕೆಳಗೆ ನೀರು, ನೀರಿನಲ್ಲಿ ಬಾಯಿ ತೆರೆದುಕೊಂಡ ದೊಡ್ಡ ದೊಡ್ಡ ಮೀನು. ನೋಡುವ ನಮಗೇ ಎದೆ ಢವಢವ ಅನ್ನುತ್ತದೆ, ಅಲ್ಲಿ ಮರಿ ಮಾಡಿಕೊಂಡವರಿಗೆ ಹೇಗಿರಬೇಡ ಹೇಳಿ!

ಈ ಗೀಜಗಗಳು ಬಲು ದೈವಭಕ್ತರು, ಮಕ್ಕಳೇ. ಆಚೆ ದಡದ ಚರ್ಚಿನಲ್ಲಿ ಭಾನುವಾರದ ಗಂಟೆ ಹೊಡೆಯಿತೋ, ಎಲ್ಲರೂ ಮರದ ತುದಿಯಲ್ಲಿ ಸಭೆ ಸೇರುತ್ತಿದ್ದರು. ಯೇಸುಸ್ವಾಮಿಯ ಹಾಡು, ಪ್ರಾರ್ಥನೆ, ಕೊನೆಗೆ ಎಲ್ಲರೂ ಕೂಡಿ ಕಾಳು ತಿನ್ನುವ ಪ್ರೀತಿಭೋಜನ. ಹಾಡು ಎತ್ತಿಕೊಡುವವನು ಸಿಲ್ವಣ್ಣ. ಅವನ ಕಂಠವೋ ಕಂಠ! ಸಭೆಯ ಹಿರಿಯ ಎಜ್ರಜ್ಜ ಕೇಳುತ್ತ ಕೇಳುತ್ತ ತಲೆದೂಗುತ್ತಿದ್ದ.

ಆದರೆ ಸಿಲ್ವಣ್ಣನಿಗೆ ಒಂದು ಕೆಟ್ಟ ಚಾಳಿ. ಗದ್ದೆಯವರೆಗೆ ಹಾರಿ ಹುಲ್ಲು ತರಲು ಮೈಗಳ್ಳತನ. ಪಕ್ಕದವರ ಗೂಡಿನಿಂದ ಎಳೆ ಕಿತ್ತು ತಂದು ತನ್ನ ಗೂಡು ಹೆಣೆಯುತ್ತಿದ್ದ. ಇವತ್ತು ಒಂದು, ನಾಳೆ ಎರಡು. ಹೀಗೆ ಸಡಿಲವಾಗಿ ಆಗಲೇ ಎರಡು ಗೂಡು ಕಳಚಿ ಬಿದ್ದು, ಮೊಟ್ಟೆಗಳು ನೀರುಪಾಲಾಗಿದ್ದವು. ಅವನು ಕೀಳುವುದನ್ನು ಎಲ್ಲರೂ ಕಂಡಿದ್ದರು. ಬಾಯಿ ಬಿಟ್ಟವರು ಒಬ್ಬರೂ ಇಲ್ಲ!

ಬಾಯಿ ಬಿಡದೆ ಏನು ಮಾಡುತ್ತಿದ್ದರು ಗೊತ್ತೇ? ಸಭೆಯಲ್ಲಿ ಎಜ್ರಜ್ಜ ಕಣ್ಣು ಮುಚ್ಚಿಕೊಂಡು, “ನಮ್ಮಲ್ಲಿ ಒಬ್ಬ ಸಹೋದರ ಇದ್ದಾನೆ. ಹೆಸರು ಬೇಡ. ಅವನಿಗಾಗಿ ಪ್ರಾರ್ಥಿಸೋಣ” ಅನ್ನುತ್ತಿದ್ದ.

ಆಗ ಎಲ್ಲರಿಗಿಂತ ಜೋರಾಗಿ ಪ್ರಾರ್ಥಿಸುತ್ತಿದ್ದವನು ಸಿಲ್ವಣ್ಣನೇ! “ಆ ಸಹೋದರನ ಮನಸ್ಸು ತಿರುಗಿಸಪ್ಪಾ ಸ್ವಾಮಿ! ಪಾಪ, ದಾರಿ ತಪ್ಪಿದ್ದಾನೆ!” ಕಣ್ಣಲ್ಲಿ ನೀರು ಬೇರೆ. ಸಭೆ ಮುಗಿಸಿ ಹೋಗುವಾಗ ಯಾರದೋ ಗೂಡಿನಿಂದ ಒಂದು ಎಳೆ ಕಿತ್ತುಕೊಂಡೇ ಹೋಗುತ್ತಿದ್ದ. ಹೇಳಲು ನನಗೆ ನಾಚಿಕೆ, ಅವನಿಗೆ ಇರಲಿಲ್ಲ.

ಈ ಸಲ ಅವನ ಕಣ್ಣು ದೋರ್ಕಕ್ಕನ ಗೂಡಿನ ಮೇಲೆ ಬಿತ್ತು. ದೋರ್ಕಕ್ಕನಿಗೆ ಮೂರು ಮರಿ, ಇನ್ನೂ ರೆಕ್ಕೆ ಬಲಿತಿಲ್ಲ. ಸೋಮವಾರ ಬೆಳಿಗ್ಗೆ ನೋಡುತ್ತಾಳೆ, ಮರಕ್ಕೆ ಬಿಗಿದಿದ್ದ ಗೂಡಿನ ಕತ್ತು ತೆಳ್ಳಗಾಗಿದೆ! ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಕೊನೆಗೆ ಎಜ್ರಜ್ಜನ ಹತ್ತಿರ ಹಾರಿದಳು.

“ಅಜ್ಜಾ, ಸಿಲ್ವಣ್ಣನಿಗೆ ಯಾರಾದರೂ ಹೇಳಿದಿರಾ?”

“ವಾರವಾರವೂ ಪ್ರಾರ್ಥನೆಯಲ್ಲಿ ಹೇಳ್ತಾ ಇದ್ದೀವಲ್ಲಮ್ಮ.”

“ಅದು ದೇವರಿಗೆ ಹೇಳಿದ್ದು. ಅವನಿಗೆ ಹೇಳಿದಿರಾ?”

ಎಜ್ರಜ್ಜ ಕೊಕ್ಕಿನಿಂದ ಎದೆ ಕೆರೆದುಕೊಂಡ. “ಯಾರ ಮೇಲೂ ತೀರ್ಪು ಮಾಡಬಾರದಮ್ಮ. ಅವನು ಮುನಿಸಿಕೊಂಡರೆ ಹಾಡು ಎತ್ತುವವರು ಯಾರು?”

“ನನ್ನ ಮಕ್ಕಳು ಮೀನಿನ ಬಾಯಿಗೆ ಬೀಳ್ತವೆ, ನಿಮಗೆ ಹಾಡಿನ ಚಿಂತೆ!” ಎಂದು ದೋರ್ಕಕ್ಕ ಅಲ್ಲಿಂದ ಎದ್ದೇಬಿಟ್ಟಳು.

ನೇರ ಸಿಲ್ವಣ್ಣನ ಗೂಡಿಗೇ ಹೋದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ. “ನೋಡು ಸಿಲ್ವಾ, ನಾಲ್ಕು ಜನರ ಮುಂದೆ ನಿನ್ನ ಮಾನ ಕಳೆಯೋಕೆ ಬಂದಿಲ್ಲ. ನನ್ನ ಗೂಡಿನ ಎಳೆ ಕೀಳ್ತಿರೋದು ನೀನೇ. ನನ್ನ ಮರಿಗಳು ಸಾಯ್ತವೆ. ಬಿಟ್ಟುಬಿಡಪ್ಪಾ.”

ಸಿಲ್ವಣ್ಣ ತಲೆ ತಗ್ಗಿಸಿದ. “ತಪ್ಪಾಯ್ತು ಅಕ್ಕಾ. ಕ್ಷಮಿಸು.”

“ಕ್ಷಮಿಸಿದೆ” ಎಂದಳು ದೋರ್ಕಕ್ಕ. ಮನಸ್ಸು ಹಗುರವಾಯಿತು. ಎಷ್ಟು ಹೊತ್ತು? ಮರುದಿನ ಬೆಳಗಿನವರೆಗೆ! ಗೂಡಿನ ಕತ್ತಿನಲ್ಲಿ ಇನ್ನೂ ಎರಡು ಎಳೆ ಇಲ್ಲ.

ಈ ಸಲ ಎಜ್ರಜ್ಜನನ್ನೂ ಪಕ್ಕದ ಗೂಡಿನ ತೀತನನ್ನೂ ಕರೆದುಕೊಂಡು ಹೋದಳು. ಸಿಲ್ವಣ್ಣ ಗರಿ ಕೆದರಿ ನಿಂತ.

“ನಿನ್ನೆ ತಾನೇ ಕ್ಷಮಿಸಿದೆ ಅಂದೆಯಲ್ಲಕ್ಕಾ! ಕ್ಷಮಿಸಿದ ಮೇಲೆ ಮತ್ತೆ ಕೆದಕೋದು ಯಾವ ಭಕ್ತಿ?”

“ನಾನು ಕ್ಷಮಿಸಿದ್ದು ನಿನ್ನೆಯ ಎಳೆಗೆ ಕಣೋ! ಇವತ್ತು ಕಿತ್ತೆಯಲ್ಲ, ಅದಕ್ಕೆ ನೀನು ಕೇಳಲೂ ಇಲ್ಲ!”

ತೀತ ಬುದ್ಧಿ ಹೇಳಿದ. ಕೇಳಲಿಲ್ಲ. ಎಜ್ರಜ್ಜ ಬೇಡಿಕೊಂಡ. “ನಾನಿಲ್ಲದೆ ಸಭೆ ನಡೆಸಿ ನೋಡೋಣ!” ಎಂದು ಸಿಲ್ವಣ್ಣ ಗೂಡಿನೊಳಗೆ ನುಗ್ಗಿದ. ಕ್ಷಮೆ ಎನ್ನುವ ಮಾತನ್ನು ಅವನು ಮತ್ತೆ ಕದಿಯುವುದಕ್ಕೆ ಸಿಕ್ಕ ಅಪ್ಪಣೆ ಅಂದುಕೊಂಡಿದ್ದ. ಎಜ್ರಜ್ಜನಿಗೆ ಅವತ್ತು ಊಟ ಸೇರಲಿಲ್ಲ.

ಭಾನುವಾರ ಬಂತು. ಬೆಳಗಿನಿಂದಲೇ ಗಾಳಿ. ಗಂಟೆ ಹೊಡೆಯಿತು, ಎಲ್ಲರೂ ಸೇರಿದರು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಸಿಲ್ವಣ್ಣ ಏನೂ ಆಗದವನಂತೆ ಹಾಡಲು ಕೊಕ್ಕು ತೆರೆದ.

“ನಿಲ್ಲು” ಎಂದ ಎಜ್ರಜ್ಜ. “ಇಷ್ಟು ದಿನ ‘ಒಬ್ಬ ಸಹೋದರ’ ಅಂತಿದ್ದೆವಲ್ಲ, ಅದು ನೀನೇ, ಸಿಲ್ವಾ. ಕೀಳೋದು ಬಿಡೋವರೆಗೆ ನೀನು ಹಾಡು ಎತ್ತಬೇಡ, ನಮ್ಮ ಜೊತೆ ಊಟಕ್ಕೂ ಕೂರಬೇಡ.”

ಎಲ್ಲರೂ ಹೌಹಾರಿದರು. ಸಿಲ್ವಣ್ಣ ಸುತ್ತ ನೋಡಿದ. ಒಬ್ಬರಾದರೂ ತನ್ನ ಪರ ನಿಲ್ಲುತ್ತಾರೆ ಅಂದುಕೊಂಡಿದ್ದ. ಯಾರೂ ಏಳಲಿಲ್ಲ. ಕೆಲವರು ಅಳುತ್ತಿದ್ದರು, ಆದರೂ ಏಳಲಿಲ್ಲ. ಅವನು ಪುರ್ರನೆ ಹಾರಿ ಏರಿಯ ಆಚೆಗಿನ ಜಾಲಿ ಮರದ ಮೇಲೆ ಒಬ್ಬನೇ ಕೂತ.

ಅಷ್ಟರಲ್ಲಿ ಗಾಳಿ ರೊಯ್ಯನೆ ನುಗ್ಗಿತು. ದೋರ್ಕಕ್ಕನ ಗೂಡು ಒಂದು ಪಕ್ಕಕ್ಕೆ ವಾಲಿತು! ಒಳಗೆ ಮರಿಗಳು ಚೀರಿದವು. ಎಲ್ಲರೂ ಹಾರಿ ಬಂದರು. ಆದರೆ ಎಲ್ಲಿ ಬಿಗಿಯುವುದು? ಇಲ್ಲಿ ಹಿಡಿದರೆ ಅಲ್ಲಿ ಜಾರುತ್ತದೆ, ಅಲ್ಲಿ ಹಿಡಿದರೆ ಇಲ್ಲಿ ಬಿಚ್ಚುತ್ತದೆ. “ಅಯ್ಯೋ, ಯಾರಾದರೂ ಹಿಡೀರಿ! ನನ್ನ ಮಕ್ಕಳು!” ಎಂದು ದೋರ್ಕಕ್ಕ ಗೂಡಿನ ಸುತ್ತ ಸುತ್ತಿದಳು.

“ಹಿಂದುಗಡೆ! ಹಿಂದುಗಡೆ ಕಟ್ಟಿ!” ಜಾಲಿ ಮರದಿಂದ ಕೂಗು ಬಂತು. ಸಿಲ್ವಣ್ಣ ಹಾರಿ ಬರುತ್ತಿದ್ದ. “ಗಂಟು ಬಿಚ್ಚಿದ್ದು ಹಿಂದುಗಡೆ! ನಾನೇ ಬಿಚ್ಚಿದ್ದು! ಎಡಕ್ಕೆ ಮೂರು, ಕೆಳಗೆ ಎರಡು!”

ಎಲ್ಲಿ ಕಿತ್ತಿದ್ದಾನೆಂದು ಕಿತ್ತವನಿಗೆ ತಾನೇ ಗೊತ್ತು? ತೀತ ಹಿಂದುಗಡೆ ಕೊಕ್ಕು ಹಾಕಿ ಹಿಡಿದ. ಸಿಲ್ವಣ್ಣ ತನ್ನ ಗೂಡಿಗೆ ನುಗ್ಗಿ, ಪರಪರ ಎಳೆ ಹರಿದು ತಂದು ಹೆಣೆದ. ಮತ್ತೆ ಹೋದ, ಮತ್ತೆ ಹರಿದು ತಂದ. ಗಾಳಿ ನಿಲ್ಲುವ ಹೊತ್ತಿಗೆ ಅವನ ಗೂಡು ಅರ್ಧವೂ ಉಳಿದಿರಲಿಲ್ಲ. ದೋರ್ಕಕ್ಕನ ಗೂಡಿನಲ್ಲಿ ಮೂರೂ ಮರಿ ಬದುಕಿದ್ದವು.

ಸಿಲ್ವಣ್ಣ ಈಚಲು ಗರಿಯ ತುದಿಯಲ್ಲಿ ದೂರ ನಿಂತ. “ಎಲ್ಲರೂ ನನ್ನನ್ನು ಹೊರಗೆ ಹಾಕಿದಿರಿ ಅಂತ ಸಿಟ್ಟಿತ್ತು ಅಕ್ಕಾ. ಅಲ್ಲಿ ಕೂತು ನಿನ್ನ ಗೂಡು ವಾಲಿದ್ದು ನೋಡಿದಾಗ ಗೊತ್ತಾಯ್ತು, ಬಿದ್ದ ಆ ಎರಡು ಗೂಡೂ ನಾನೇ ಬೀಳಿಸಿದ್ದು. ಮತ್ತೆ ನನ್ನನ್ನು ಸೇರಿಸ್ಕೊಳ್ತೀರಾ?”

“ತಪ್ಪು ನನ್ನದೂ ಇದೆಯಪ್ಪಾ” ಎಂದ ಎಜ್ರಜ್ಜ. “ನಿನ್ನ ಹಾಡಿನ ಆಸೆಗೆ ಬಾಯಿ ಮುಚ್ಚಿಕೊಂಡಿದ್ದೆ. ಮೊದಲೇ ಹೇಳಿದ್ದರೆ ಆ ಮೊಟ್ಟೆಗಳಾದರೂ ಉಳಿಯುತ್ತಿದ್ದವು.”

ದೋರ್ಕಕ್ಕ ಸಿಲ್ವಣ್ಣನನ್ನು ದಿಟ್ಟಿಸಿ ನೋಡಿದಳು. “ದೂರ ಇಟ್ಟಿದ್ದೇ ನೀನು ತಿರುಗಿ ಬರಲಿ ಅಂತ ಕಣೋ. ಬಾ, ಊಟಕ್ಕೆ ಕೂರು. ನಾಳೆಯಿಂದ ಗದ್ದೆಯ ಹುಲ್ಲು ತಂದು ಬಿದ್ದ ಎರಡು ಗೂಡು ಕಟ್ಟಿಕೊಡು. ಹಾಡೋದು ಆಮೇಲೆ.”

ಇಷ್ಟು ಹೇಳುವವರೆಗೆ ಗಟ್ಟಿಯಾಗಿದ್ದವಳು, ಮರಿಗಳ ಪಕ್ಕಕ್ಕೆ ಹೋದದ್ದೇ ಗಳಗಳನೆ ಅತ್ತುಬಿಟ್ಟಳು.

ನೀತಿ: ತಪ್ಪು ಬಿಡದ ಸಹೋದರನಿಗಾಗಿ ಪ್ರಾರ್ಥಿಸಿದರಷ್ಟೇ ಸಾಲದು, ಅವನ ಮುಖ ನೋಡಿ ಹೇಳಬೇಕು, ಕೇಳದಿದ್ದರೆ ದೂರ ನಿಲ್ಲಿಸುವುದೂ ಪ್ರೀತಿಯೇ, ಅವನು ತಿರುಗಿ ಬಂದಾಗ ಜಾಗ ಕೊಡುವುದಾದರೆ.