ಎರಡು ಬ್ಯಾಟರಿಗಳ ನಡುವಿನ ಬಾಗಿಲು

ಗುಡ್ಡದ ಹಾಡಿಗಳಿಗೆ ಲಸಿಕೆ ಒಯ್ಯುವ ಜೀಪಿನ ಹಳೆಯ ಬ್ಯಾಟರಿಗೆ ಇಲ್ಲ ಎನ್ನಲು ಬರುತ್ತಿರಲಿಲ್ಲ. ಜೀಪು ನಿಂತಾಗಲೂ ಲಸಿಕೆಯ ಫ್ರಿಜ್ಜು ಕೇಳಿದಷ್ಟು ಕೊಟ್ಟು, ಕೊನೆಗೆ ಇಂಜಿನ್ ಎಬ್ಬಿಸಲೂ ತ್ರಾಣವಿಲ್ಲದೆ, ಎರಡು ಸಲ ಎಲ್ಲರನ್ನೂ ಕಾಡಿನಲ್ಲೇ ಕೂರಿಸಿತ್ತು.

ಚಾಲಕ ದಸ್ತಗೀರ್ ಬೈಯಲಿಲ್ಲ. "ನಿನ್ನ ತಪ್ಪಲ್ಲ ಕಣಯ್ಯಾ, ಒಬ್ಬನ ಮೇಲೆ ಇಬ್ಬರ ಹೊರೆ ಹೊರಿಸಿದ್ದು ನಾನು" ಎಂದು ಫ್ರಿಜ್ಜಿಗೆಂದೇ ಹೊಸ ಬ್ಯಾಟರಿ ತಂದು ಕೂರಿಸಿದ. ಎರಡು ಬ್ಯಾಟರಿಗಳ ನಡುವೆ ಕರೆಂಟಿಗೆ ಬಾಗಿಲಿನಂತೆ ಒಂದು ರಿಲೇ ಇಟ್ಟ. ಇಂಜಿನ್ ಓಡುವಾಗ ಬಾಗಿಲು ತೆರೆದು ಇಬ್ಬರಿಗೂ ಉಣಿಸುವುದು, ನಿಂತಾಗ ಮುಚ್ಚಿಬಿಡುವುದು ಅದರ ಕೆಲಸ.

ಮೊದಲ ದಿನವೇ ಜೀಪು ಹಾಡಿಯಲ್ಲಿ ಬಹಳ ಹೊತ್ತು ನಿಂತಿತು. ಹೊಸ ಬ್ಯಾಟರಿ ಸೋತುಹೋಯಿತು.

"ಅಣ್ಣಾ, ಒಂದು ಗುಟುಕು ಕೊಡು."

ಹಳೆಯದರ ಕರುಳು ಚುರುಕ್ ಎಂದಿತು. "ಬಾಗಿಲು ತೆಗೆಯಪ್ಪಾ."

"ತೆಗೆಯುವುದಿಲ್ಲ" ಎಂದಿತು ರಿಲೇ.

"ನಿನ್ನದೇನು ಕಲ್ಲಿನ ಎದೆಯೇ?"

"ಹಾಗೆಂದೇ ತಿಳಿಯಿರಿ."

ಫ್ರಿಜ್ಜಿನ ಸದ್ದು ನಿಂತಿತು. ತುಂಬಿದ ಹೊಟ್ಟೆ ಇಟ್ಟುಕೊಂಡು ಕೂತ ಹಳೆಯ ಬ್ಯಾಟರಿ ನಾಚಿಕೆಯಿಂದ ಕುಗ್ಗಿಹೋಯಿತು. ಅಷ್ಟರಲ್ಲಿ ದಸ್ತಗೀರ್ ಓಡಿ ಬಂದು ಕೀಲಿ ತಿರುಗಿಸಿದ. ಹಳೆಯದು ಒಂದೇ ಏಟಿಗೆ ಇಂಜಿನ್ ಎಬ್ಬಿಸಿತು. ರಿಲೇ ಯಾರೂ ಕೇಳದೆಯೇ ಬಾಗಿಲು ತೆರೆಯಿತು. ಹೊಸ ಬ್ಯಾಟರಿ ಉಸಿರಾಡಿತು, ಫ್ರಿಜ್ಜು ಗುಂಯ್ ಎಂದಿತು. ಲಸಿಕೆ ಇನ್ನೂ ತಣ್ಣಗೇ ಇತ್ತು.

ಜೀಪು ಗುಡ್ಡ ಇಳಿಯಿತು. ಆಮೇಲೆ ಹಳೆಯ ಬ್ಯಾಟರಿ ರಿಲೇಗೆ ಮೆಲ್ಲಗೆ ಹೇಳಿತು:

"ನನ್ನ ಗುಣ ನನಗೆ ಗೊತ್ತು, ತಮ್ಮಾ. ನಾಳೆ ಆ ಹೊಸಬ ಕೇಳಿದರೆ ನಾನು ಮತ್ತೆ ನಿನ್ನನ್ನು ಬೈಯುತ್ತೇನೆ. ಎಷ್ಟು ಬೈದರೂ ತೆಗೆಯಬೇಡ."